ಸೋಡಚೀಟಿಯ ಲೆಕ್ಕ

ನಮ್ಮವರಲ್ಲಿ ಒಂದು ಸಂಸಾರ ಮುರಿಯಿತೆಂಬ ಸುದ್ದಿ ಬಂದೊಡನೆ ಲಿಂಗಂಪಲ್ಲಿಯ ಹಿರಿಯರು ಕೇಳುವ ಮೊದಲ ಪ್ರಶ್ನೆ, "ಆಕೆಗೆ ಎಷ್ಟು ಕೊಡಬೇಕಾದೀತು?" ಎರಡನೆಯದು, "ಕಡಿಮೆ ಮಾಡುವುದು ಹೇಗೆ?" ಹೆಚ್ಚು ಸಂಬಳದವನಿಗೆ ಸಲಹೆಗಾರರ ಬರವಿಲ್ಲ. ಭವಿಷ್ಯನಿಧಿಗೆ ಹೆಚ್ಚು ಕಡಿಸು, ವಾಯಿದೆ ಎಳೆಯುತ್ತಿರು, ಆಕೆ ಓದಿದವಳು, ದುಡಿದು ತಿನ್ನಲಿ ಎನ್ನು. ಈ ಸಲಹೆಗಳು ಅನ್ಯಾಯ ಮಾತ್ರವಲ್ಲ, ಕೋರ್ಟಿನಲ್ಲಿ ನಿಲ್ಲುವಂಥವೂ ಅಲ್ಲ ಎಂಬುದು ನಮ್ಮ ವಾದ.

"ದುಡಿದು ತಿನ್ನಲಿ" ಎಂಬುದನ್ನೇ ನೋಡೋಣ. ವಾಡಿ, ಚಿತ್ತಾಪುರ, ಸೇಡಂ ಕಡೆಯಿಂದ ರೈಲು ಹತ್ತಿ ಬಂದು ಇಲ್ಲಿ ನೆಲೆಸಿದ ಸಂಸಾರಗಳಲ್ಲಿ ಗಂಡನ ನೌಕರಿಗಾಗಿ ತನ್ನ ನೌಕರಿ ಬಿಟ್ಟವರು ಎಷ್ಟು ಮಂದಿಯಿಲ್ಲ! ಅಲ್ಲಿ ಕನ್ನಡ ಮಾಧ್ಯಮದಲ್ಲಿ ಪಾಠ ಹೇಳುತ್ತಿದ್ದಾಕೆಯ ತರಬೇತಿಗೆ ಇಲ್ಲಿ ಬೆಲೆ ಕಟ್ಟುವ ಶಾಲೆಗಳೆಷ್ಟು? ಹದಿನೈದು ವರ್ಷ ಮನೆ ನಡೆಸಿ ಊರಿಗೆ ಮರಳಿದರೆ ಸರಕಾರಿ ನೌಕರಿಗೆ ವಯಸ್ಸು ಮೀರಿರುತ್ತದೆ. ಸುಪ್ರೀಂ ಕೋರ್ಟು 2020ರ ನವೆಂಬರ್ 4ರಂದು ರಜನೀಶ್–ನೇಹಾ ಮೊಕದ್ದಮೆಯಲ್ಲಿ ಈ ತ್ಯಾಗವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳಿದೆ. ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯಗಳ ಅಫಿಡವಿಟ್ಟು ಕೊಡಬೇಕು. ಸುಳ್ಳು ಬರೆದವರ ಮೇಲೆ ಕ್ರಮ ಜರುಗಬಹುದು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು. ವಾಯಿದೆ ಎಳೆದಷ್ಟೂ ಬಾಕಿ ಬೆಳೆಯುತ್ತದೆ!

ಇನ್ನು ಸಂಬಳದ ಚೀಟಿ. ತಾನೇ ಇಷ್ಟಪಟ್ಟು ಮಾಡಿಕೊಂಡ ಕಡಿತಗಳನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಾಮಾನ್ಯ ಸಾಲದ ಡಿಕ್ರಿಗೆ ಸಂಬಳದ ಮೊದಲ ಸಾವಿರ ರೂಪಾಯಿ ಬಿಟ್ಟು ಉಳಿದದ್ದರಲ್ಲಿ ಮೂರರಲ್ಲೊಂದು ಪಾಲು ಮಾತ್ರ ಜಪ್ತಿಯಾದೀತು. ಜೀವನಾಂಶದ ಡಿಕ್ರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಸಂಬಳದ ಮೂರರಲ್ಲೆರಡು ಪಾಲಿನವರೆಗೂ ಜಪ್ತಿಯಾಗಬಹುದು. ಸರಕಾರಿ ನೌಕರರಾದ ನಾವು ಇದನ್ನಾದರೂ ಅರಿತಿರಬೇಡವೆ?

ಹೆಂಡತಿಯ ಸಂಬಳವೇ ದೊಡ್ಡದಾದ ಮನೆಗಳೂ ಈಗ ಉಂಟು. ಹಿಂದೂ ವಿವಾಹ ಕಾಯಿದೆಯ 24, 25ನೇ ಕಲಮುಗಳು ಗಂಡನಿಗೂ ಅನ್ವಯಿಸುತ್ತವೆ; ನಕ್ಕು ತಳ್ಳಿಹಾಕುವಂತಿಲ್ಲ.

ಯಾರೂ ಹೇಳದ ಒಂದು ನಷ್ಟವಿದೆ. ಕೇಂದ್ರ ನೌಕರನ ಹೆಂಡತಿ ವಿಚ್ಛೇದನದ ಡಿಕ್ರಿಯಾದೊಡನೆ ಕುಟುಂಬ ಪಿಂಚಣಿಯ ಹಕ್ಕು ಕಳೆದುಕೊಳ್ಳುತ್ತಾಳೆ. ಸಿಜಿಎಚ್‌ಎಸ್ ಔಷಧೋಪಚಾರವೂ ತಪ್ಪುತ್ತದೆ. ಪರಸ್ಪರ ಒಪ್ಪಿಗೆಯ ರಾಜಿಪತ್ರದಲ್ಲಿ ಇಡಿಗಂಟು ಬರೆಯುವಾಗ ಆಕೆಯ ಮುಪ್ಪಿನ ಈ ಎರಡು ಬಾಬುಗಳನ್ನು ಸೇರಿಸದಿದ್ದರೆ ಅದು ರಾಜಿಯಲ್ಲ, ಬರೀ ರುಜು.

ಮನೆಯ ಮಾತು ಇನ್ನೂ ಕಹಿ. ಫ್ಲ್ಯಾಟಿನ ಕಂತು ಗಂಡನ ಸಂಬಳದಿಂದ, ಕಿರಾಣಿ ಮತ್ತು ಮಕ್ಕಳ ಫೀಜು ಹೆಂಡತಿಯ ಟ್ಯೂಷನ್ನಿನಿಂದ. ಕೊನೆಗೆ ಪತ್ರ ಯಾರ ಹೆಸರಿನಲ್ಲಿದೆಯೋ ಮನೆ ಅವರದು! ಕಾರವಾರದಾಚೆ ಮಾಜಾಳಿಯ ಗಡಿ ದಾಟಿದರೆ ಗೋವೆಯವರಿಗೆ ಪೋರ್ಚುಗೀಸರ 1867ರ ನಾಗರಿಕ ಸಂಹಿತೆಯುಂಟು. ಬೇರೆ ಕರಾರಿಲ್ಲದಿದ್ದರೆ ದಂಪತಿಗಳ ಆಸ್ತಿ ಇಬ್ಬರಿಗೂ ಸಮಪಾಲು. ಪರಕೀಯರು ಬಿಟ್ಟುಹೋದ ಕಾನೂನು ಅಷ್ಟು ಹೇಳಿದರೆ ನಮ್ಮದೇಕೆ ಹೇಳಬಾರದು? ವಿಚ್ಛೇದನದಲ್ಲಿ ಹೆಂಡತಿಗೆ ಗಂಡನ ಸ್ಥಿರಾಸ್ತಿಯಲ್ಲಿ ಪಾಲು ಕೊಡಿಸುವ ಮಸೂದೆಯನ್ನು ರಾಜ್ಯಸಭೆ 2013ರಲ್ಲಿ ಅಂಗೀಕರಿಸಿತು. ಲೋಕಸಭೆ ಒಪ್ಪುವ ಮೊದಲೇ ಅದು ಬಿದ್ದುಹೋಯಿತು. ಅಂಥ ಕಾನೂನು ಬರುವವರೆಗೆ ಸುಖವಾಗಿರುವ ದಂಪತಿಗಳೇ ಪತ್ರದಲ್ಲಿ ಎರಡು ಹೆಸರು ಬರೆಸಲಿ. ತವರಿನ ಬಂಗಾರ ಮಾರಿ ಮುಂಗಡ ಕಟ್ಟಿದ್ದರೆ ಅದರ ರಸೀದಿ ಆಕೆಯ ಟ್ರಂಕಿನಲ್ಲಿರಲಿ.

ಕಲಬುರ್ಗಿಯ ತವರಿಗೆ ಹೋದಾಕೆ 2003ರ ತಿದ್ದುಪಡಿಯ ಪ್ರಕಾರ ಅಲ್ಲಿಯೇ ಅರ್ಜಿ ಹಾಕಬಹುದು. 1987ರ ಕಾಯಿದೆಯಂತೆ ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ವಕೀಲರ ನೆರವುಂಟು. ಆ ಮೊಕದ್ದಮೆಯನ್ನು ತೆಲಂಗಾಣಕ್ಕೆ ತರಿಸಬೇಕಾದರೆ ಗಂಡನಾದವನು ದಿಲ್ಲಿಯ ಸುಪ್ರೀಂ ಕೋರ್ಟಿಗೇ ಹೋಗಬೇಕು. ಆ ಖರ್ಚನ್ನು ಸಲಹೆ ಕೊಟ್ಟ ಹಿರಿಯರಂತೂ ಭರಿಸುವುದಿಲ್ಲ.