ಆಡಲು ಹೋಗುವವರು, ಕೋಣೆಯಲ್ಲಿ ಉಳಿಯುವವರು

ಮನೆಯಲ್ಲಿ ಪ್ರವಾಸದ ಮಾತು ಬಂದಾಗ ಯಾವುದು ಮೊದಲು ತೀರ್ಮಾನವಾಗುತ್ತದೆ, ಯಾವುದು ಕೊನೆಗೆ ಉಳಿಯುತ್ತದೆ ಎಂದು ಗಮನಿಸಿದ್ದೀರಾ? ಹೋಗುವ ಊರು, ಹೊರಡುವ ದಿನ, ಗಾಡಿ, ಜೊತೆಗೆ ಯಾರು ಯಾರು ಎಂಬುದೆಲ್ಲ ಮೊದಲೇ ನಿಶ್ಚಯವಾಗುತ್ತದೆ. ಎಲ್ಲಿ ತಂಗುವುದು ಎಂಬುದು ಮಾತ್ರ “ಹೋದ ಮೇಲೆ ನೋಡಿದರಾಯಿತು” ಎಂದು ಉಳಿದುಬಿಡುತ್ತದೆ. ಇಲ್ಲವೇ ಮನೆಯ ಯಜಮಾನರು ಮೊಬೈಲಿನಲ್ಲಿ ಎರಡು ಚಿತ್ರ ನೋಡಿ ಹಣ ಕಟ್ಟಿಬಿಡುತ್ತಾರೆ. ಆ ಕೋಣೆಯಲ್ಲಿ ಹೆಚ್ಚು ಹೊತ್ತು ಇರಬೇಕಾದವರು ಯಾರು ಎಂದು ಯಾರೂ ಕೇಳುವುದಿಲ್ಲ.

ಸಹೋದರಿಯರೇ, ಈ ಸಲ ನಾನು ಗಾಲ್ಫ್ ಪ್ರವಾಸದ ಬಗ್ಗೆ ಬರೆಯುತ್ತಿದ್ದೇನೆ ಎಂದರೆ ನಿಮಗೆ ನಗು ಬರಬಹುದು. ಸುತ್ತ ರಾಗಿ ಹೊಲ, ತೆಂಗಿನ ತೋಟ ಇರುವ ಮಾದಿಹಳ್ಳಿಗೂ ಗಾಲ್ಫಿಗೂ ಏನು ಸಂಬಂಧ? ಸಂಬಂಧ ನಮ್ಮ ಮಕ್ಕಳ ಮೂಲಕ ಬಂದಿದೆ. ಇಂದು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಬ್ಬ ಮಗನೋ ಅಳಿಯನೋ ಬೆಂಗಳೂರಿನಲ್ಲಿ, ದುಬೈಯಲ್ಲಿ, ಬ್ರಿಟನ್ನಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿನ ಆಫೀಸಿನ ಸ್ನೇಹಿತರ ಜೊತೆ ಈ ಆಟವೂ ಅವನಿಗೆ ಅಂಟಿಕೊಳ್ಳುತ್ತದೆ. ರಜೆ ಬಂದರೆ ಸ್ಕಾಟ್ಲೆಂಡಿಗೆ ಹೋಗೋಣ ಎನ್ನುತ್ತಾನೆ. ಏಕೆಂದರೆ ಈ ಆಟ ಇಂದಿನ ರೂಪಕ್ಕೆ ಬಂದದ್ದೇ ಅಲ್ಲಿ.

ಆಟದ ಬಗ್ಗೆ ಎರಡು ಮಾತು ಸಾಕು. ಒಂದು ಪೂರ್ಣ ಆಟಕ್ಕೆ ಹದಿನೆಂಟು ಕುಳಿಗಳು. ಚೆಂಡಿನ ಹಿಂದೆ ಆರೇಳು ಕಿಲೋಮೀಟರ್ ನಡೆಯಬೇಕು, ನಾಲ್ಕೈದು ಗಂಟೆ ಬೇಕು. ಹೋಗಿ ಬರುವ ಹೊತ್ತು, ಚಹಾ, ಹರಟೆ ಎಲ್ಲ ಸೇರಿದರೆ ಒಂದು ಹಗಲು ಮುಗಿಯಿತು. ಆಡುವವನಿಗೆ ರಾತ್ರಿ ಬೆನ್ನು ಚಾಚಲು ಒಂದು ಹಾಸಿಗೆ ಇದ್ದರೆ ಸಾಕು. ಆದರೆ ಅವನ ಹೆಂಡತಿಗೆ, ಮಕ್ಕಳಿಗೆ, ಜೊತೆಯಲ್ಲಿ ಬಂದ ಅತ್ತೆಗೆ ಆ ತಂಗುವ ಜಾಗವೇ ಇಡೀ ಪ್ರವಾಸ.

ನನ್ನ ಬಳಿ ಓದಿದ ಅರಸೀಕೆರೆ ಕಡೆಯ ಹೆಣ್ಣುಮಗಳೊಬ್ಬಳು ಮದುವೆಯಾಗಿ ಬ್ರಿಟನ್ನಿನಲ್ಲಿದ್ದಾಳೆ. ಗಂಡನ ಆಫೀಸಿನವರೆಲ್ಲ ಸೇರಿ ಸ್ಕಾಟ್ಲೆಂಡಿಗೆ ಹೊರಟಾಗ ಇವಳೂ ಎರಡು ಮಕ್ಕಳನ್ನು ಕಟ್ಟಿಕೊಂಡು ಹೋದಳು. ಕೋಣೆ ನೋಡಿದವರು ಗಂಡಸರೇ. ಮೈದಾನಕ್ಕೆ ಹತ್ತಿರ, ಬೆಲೆಯೂ ಕಡಿಮೆ ಎಂಬುದಷ್ಟೇ ಅವರ ಲೆಕ್ಕ. ಕೆಳಗೆ ಮದ್ಯದಂಗಡಿ, ಮೇಲೆ ಕೋಣೆ. ಕಿಟಕಿ ತೆರೆದರೆ ಕಾರು ನಿಲ್ಲಿಸುವ ಜಾಗ. ಮಳೆ ಹಿಡಿದುಕೊಂಡಿತ್ತು, ಒದ್ದೆ ಬಟ್ಟೆ ಒಣಹಾಕಲು ಒಂದು ಹಗ್ಗವಿಲ್ಲ. ಮಗುವಿಗೆ ಹಾಲು ಕಾಯಿಸಬೇಕೆಂದರೆ ಕೆಳಗಿನ ಗದ್ದಲದ ನಡುವೆ ಹಾದು ಹೋಗಬೇಕು. ನಾಲ್ಕು ದಿನ ಹೀಗೆ ಕಳೆದವು. “ಆಪಾ, ನಾನು ಸ್ಕಾಟ್ಲೆಂಡ್ ನೋಡಲಿಲ್ಲ, ಒಂದು ಕಿಟಕಿ ನೋಡಿ ಬಂದೆ” ಎಂದಳು. ನಾನು ನಕ್ಕೆ, ಆದರೆ ಅವಳು ನಗಲಿಲ್ಲ.

ಮರುವರ್ಷ ಅದೇ ತಂಡ ಮತ್ತೆ ಹೊರಟಿತು. ಈ ಸಲ ಅವಳು ಗಂಡನಿಗೆ ಒಂದೇ ಮಾತು ಹೇಳಿದಳಂತೆ: “ಮೈದಾನ ನೀವು ಆರಿಸಿ, ಮನೆ ನಾನು ಆರಿಸುತ್ತೇನೆ.” ಅವಳು ಹೇಗೆ ಆರಿಸಿದಳು ಎಂಬುದನ್ನು ವಿವರವಾಗಿ ಕೇಳಿ ತಿಳಿದುಕೊಂಡೆ. ನಾನೂ ಒಂದಿಷ್ಟು ಓದಿದೆ. ಅದನ್ನೇ ನಿಮಗೆ ಹೇಳುತ್ತಿದ್ದೇನೆ.

ಸ್ಕಾಟ್ಲೆಂಡಿನಲ್ಲಿ ತಂಗುವ ಜಾಗಗಳಲ್ಲಿ ಹಲವು ಬಗೆ. ರೈಲ್ವೆ ಕಂಪನಿಗಳು ಪ್ರಯಾಣಿಕರನ್ನು ಸೆಳೆಯಲು ಕಟ್ಟಿಸಿದ ಅರಮನೆಯಂಥ ಹೋಟೆಲುಗಳು ಮೊದಲನೆಯವು. 1906ರಲ್ಲಿ ತೆರೆದ ಟರ್ನ್‌ಬೆರಿ, 1924ರಲ್ಲಿ ತೆರೆದ ಗ್ಲೆನ್‌ಈಗಲ್ಸ್ ಇಂಥವು. ಬಾಗಿಲಿನಿಂದ ಹೊರಗೆ ಕಾಲಿಟ್ಟರೆ ಗಾಲ್ಫ್ ಮೈದಾನ. ಬಾಡಿಗೆ ಮಾತ್ರ ನಮ್ಮಂಥವರ ಲೆಕ್ಕಕ್ಕೆ ನಿಲುಕುವುದಿಲ್ಲ. ಸೇಂಟ್ ಆ್ಯಂಡ್ರೂಸ್ ಪಟ್ಟಣದಲ್ಲಿ ಹಳೆಯ ಮೈದಾನಕ್ಕೆ ಮುಖ ಮಾಡಿ ನಿಂತ ರುಸಾಕ್ಸ್ ಹೋಟೆಲು 1887ರದ್ದು. ನಮ್ಮ ಬೆಂಗಳೂರಿನ ವೆಸ್ಟ್ ಎಂಡ್ ಹೋಟೆಲು ಶುರುವಾದದ್ದೂ ಅದೇ 1887ರಲ್ಲಿ. ಅಲ್ಲಿಂದ ಸ್ವಲ್ಪ ದೂರದಲ್ಲೇ ಇರುವ ಬೆಂಗಳೂರು ಗಾಲ್ಫ್ ಕ್ಲಬ್ಬು ಇನ್ನೂ ಹಳೆಯದು, 1876ರದ್ದು. ಅಂದರೆ ಈ ಆಟ ನಮ್ಮ ನಾಡಿಗೆ ಮೊನ್ನೆ ಬಂದದ್ದಲ್ಲ.

ಎರಡನೆಯ ಬಗೆ ಕೋಟೆ, ಹಳೆಯ ಮಹಲುಗಳು. ಉತ್ತರದ ಡಾರ್ನಕ್ ಊರಿನಲ್ಲಿ ಹಿಂದೆ ಬಿಷಪ್ಪರ ನಿವಾಸವಾಗಿದ್ದ ಕಲ್ಲಿನ ಕಟ್ಟಡವಿದೆ. ಮುಂದೆ ಅದು ಸೆರೆಮನೆಯೂ ಆಯಿತು, ಶಾಲೆಯೂ ಆಯಿತು, ಈಗ ಹೋಟೆಲು. ಇಂಥ ಕಟ್ಟಡಕ್ಕೆ ತನ್ನದೇ ಆದ ಒಂದು ಗುಣ ಇರುತ್ತದೆ ಎನ್ನುವುದನ್ನು ಯಾರೂ ಒಪ್ಪುತ್ತಾರೆ. ಆದರೆ ಆ ಹೋಟೆಲು ಪ್ರಸಿದ್ಧವಾಗಿರುವುದು ಅದರ ವಿಸ್ಕಿ ಬಾರಿಗೆ. ಹೊಗಳಿಕೆಯ ಮಾತುಗಳನ್ನು ಓದುವಾಗ ಇದನ್ನು ಗಮನದಲ್ಲಿಡಬೇಕು. ಬೇರೆಯವರಿಗೆ ಒಂದು ಜಾಗದ ಸೊಗಸು ಅನಿಸಿದ್ದು ನಮ್ಮ ಮನೆಯವರಿಗೆ ಮುಜುಗರವಾಗಬಹುದು. ಇನ್ನೊಂದು ಸಂಗತಿ, ಇಂಥ ಹಳೆಯ ಕಟ್ಟಡಗಳು ಕಾನೂನಿನ ರಕ್ಷಣೆಯಲ್ಲಿರುತ್ತವೆ. ಗೋಡೆ ಒಡೆದು ಲಿಫ್ಟು ಹಾಕಿಸುವುದು ಸುಲಭವಲ್ಲ. ಮಂಡಿನೋವಿರುವ ಅತ್ತೆಯನ್ನು ಸುರುಳಿ ಮೆಟ್ಟಿಲು ಹತ್ತಿಸಿ ಮೂರನೆಯ ಮಹಡಿಗೆ ಕರೆದೊಯ್ಯುವುದು ಎಷ್ಟು ಸಲ ಸಾಧ್ಯ?

ಮೂರನೆಯದು ಮನೆಯವರೇ ಒಂದೆರಡು ಕೋಣೆ ಬಾಡಿಗೆಗೆ ಕೊಟ್ಟು ಬೆಳಗಿನ ತಿಂಡಿ ಬಡಿಸುವ ವ್ಯವಸ್ಥೆ, ನಮ್ಮ ಮಲೆನಾಡಿನ ಹೋಂಸ್ಟೇ ಇದ್ದ ಹಾಗೆ. ಇಲ್ಲಿ ಮನೆಯಾಕೆಯೊಡನೆ ಮುಂಚೆಯೇ ಮಾತನಾಡಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಅಲ್ಲಿನ ತಿಂಡಿಯ ತಟ್ಟೆಯಲ್ಲಿ ಹಂದಿಮಾಂಸದ ಬೇಕನ್ ಇರುತ್ತದೆ, ಸಾಸೇಜ್ ಇರುತ್ತದೆ, ಕಪ್ಪು ಬಿಲ್ಲೆಯಂಥದ್ದೊಂದು ಇರುತ್ತದೆ. ಆ ಕಪ್ಪು ಬಿಲ್ಲೆಯ ಹೆಸರು ಬ್ಲ್ಯಾಕ್ ಪುಡ್ಡಿಂಗ್, ಮಾಡುವುದು ರಕ್ತದಿಂದ. ಹೆಸರು ಕೇಳಿ ಸಿಹಿತಿಂಡಿ ಎಂದು ಮಕ್ಕಳ ತಟ್ಟೆಗೆ ಬಡಿಸಿಬಿಡುವವರಿದ್ದಾರೆ! ಅದರ ಬದಲು ಓಟ್ಸ್ ಗಂಜಿ, ಮೊಟ್ಟೆ, ಹೊಗೆಯಲ್ಲಿ ಒಣಗಿಸಿದ ಮೀನು ಕೊಡಿ, ಬೇರೆ ಬಾಣಲೆಯಲ್ಲಿ ಮಾಡಿ ಎಂದು ಕೇಳಿದರೆ ಸಂತೋಷದಿಂದ ಮಾಡಿಕೊಡುವ ಮನೆಗಳಿವೆ. ಕೇಳಲು ಸಂಕೋಚ ಪಟ್ಟುಕೊಂಡರೆ ನಾಲ್ಕು ದಿನ ಬ್ರೆಡ್ಡು ಜಾಮೇ ಗತಿ.

ನಾಲ್ಕನೆಯದು ಅಡುಗೆಮನೆ ಸಹಿತ ಇಡೀ ಮನೆಯನ್ನೇ ಬಾಡಿಗೆಗೆ ಹಿಡಿಯುವುದು. ಇದರಲ್ಲಿ ಸೊಗಸಾದ ಮನೆಗಳಿವೆ. ಸ್ಕಾಟ್ಲೆಂಡಿನ ಕಡಲ ದೀಪಸ್ತಂಭಗಳು ಒಂದೊಂದಾಗಿ ಯಂತ್ರದ ಕೈಗೆ ಹೋಗಿ, 1998ರಲ್ಲಿ ಕೊನೆಯದರಿಂದಲೂ ಕಾವಲುಗಾರರು ಹೊರನಡೆದರು. ಅವರ ಸಂಸಾರಗಳು ವಾಸವಿದ್ದ ಮನೆಗಳಲ್ಲಿ ಕೆಲವು ಈಗ ರಜೆಯ ಮನೆಗಳಾಗಿವೆ. ಹಾಗೆಯೇ ಬೆಸ್ತರ ಹಳೆಯ ಮನೆಗಳು. ನಮ್ಮ ಹುಡುಗಿ ಆರಿಸಿದ್ದು ಇಂಥದ್ದನ್ನೇ. ಸೇಂಟ್ ಆ್ಯಂಡ್ರೂಸಿಗೆ ಹತ್ತಿರದ ಕ್ರೇಲ್ ಎಂಬ ಪುಟ್ಟ ಬಂದರಿನಲ್ಲಿ ಕಲ್ಲಿನ ಗೋಡೆ, ಕೆಂಪು ಹೆಂಚಿನ ಮಾಡು. ಚಿತ್ರ ಕಳಿಸಿದ್ದಳು, ನೋಡಿದರೆ ನಮ್ಮ ಮಂಗಳೂರು ಹೆಂಚಿನ ಮನೆಯ ತಂಗಿಯಂತಿದೆ. ಆ ಊರಿನ ಗಾಲ್ಫ್ ಸಂಘ 1786ರದ್ದು. ಹಾಗಾಗಿ ಗಂಡಸರಿಗೂ ದೂರು ಹೇಳಲು ಏನೂ ಉಳಿಯಲಿಲ್ಲ. ಡಂಡೀ ನಗರದಲ್ಲಿ ಮಸೀದಿಯೂ ಇದೆ, ಹಲಾಲ್ ಮಾಂಸದ ಅಂಗಡಿಯೂ ಇದೆ. ಬರುವ ದಾರಿಯಲ್ಲೇ ಕೊಂಡು ತಂದು ಫ್ರಿಜ್ಜಿನಲ್ಲಿಟ್ಟುಕೊಂಡಳು. 

“ಹಾಗಾದರೆ ಅಲ್ಲಿಯೂ ಅಡುಗೆ ಅವಳದೇ ಕೆಲಸವಾಯಿತಲ್ಲ?” ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ರಾತ್ರಿಯ ಅಡುಗೆ ಗಂಡನದು ಎಂದು ಮನೆ ಹಿಡಿಯುವ ಮೊದಲೇ ಮಾತಾಗಿತ್ತಂತೆ. ಈ ಮಾತು ಆಗದೆ ಅಡುಗೆಮನೆ ಇರುವ ಮನೆಯನ್ನು ಹಿಡಿಯಬೇಡಿ ಎನ್ನುವುದು ನನ್ನ ಅಭಿಪ್ರಾಯ. ಇಲ್ಲಿನ ಒಲೆ ಬಿಟ್ಟು ಅಲ್ಲಿನ ಒಲೆಯ ಮುಂದೆ ನಿಲ್ಲಲು ವಿಮಾನ ಹತ್ತಬೇಕೇ?

ಹಣ ಕಟ್ಟುವ ಮೊದಲು ಅವಳು ಪತ್ರ ಬರೆದು ಕೇಳಿದ ಪ್ರಶ್ನೆಗಳು ಸಾಮಾನ್ಯವಾದವು. ಬಟ್ಟೆ ಒಣಗಿಸಲು ಬೆಚ್ಚನೆಯ ಜಾಗವಿದೆಯೇ? ಮಲಗುವ ಕೋಣೆ ಯಾವ ಮಹಡಿಯಲ್ಲಿ? ಕಿಟಕಿಗೆ ದಪ್ಪ ಪರದೆ ಇದೆಯೇ? ಈ ಕೊನೆಯದು ನನಗೆ ಮೊದಲು ಅರ್ಥವಾಗಲಿಲ್ಲ. ಜೂನ್ ತಿಂಗಳಲ್ಲಿ ಉತ್ತರ ಸ್ಕಾಟ್ಲೆಂಡಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆಯ ನಂತರ. ಪರದೆ ತೆಳುವಾಗಿದ್ದರೆ ಮಕ್ಕಳು ಮಲಗುವುದಿಲ್ಲ. ಮಗ್ರಿಬ್, ಇಶಾ ನಮಾಝ್‌ಗಳ ಸಮಯವೂ ಅಷ್ಟು ತಡವಾಗುತ್ತದೆ, ಹತ್ತಿರದ ಮಸೀದಿಯ ವೇಳಾಪಟ್ಟಿ ತೆಗೆದುಕೊಂಡೇ ಹೋಗಬೇಕು. ಇನ್ನು ಕಿಬ್ಲಾ. ನಾವು ಇಲ್ಲಿ ಪಶ್ಚಿಮಕ್ಕೆ ನಿಂತು ರೂಢಿಯಾದವರು. ಅಲ್ಲಿಂದ ಅದು ಆಗ್ನೇಯಕ್ಕೆ. ಊರಿನಿಂದ ಹೋದ ಹಿರಿಯರು ಮೊದಲ ದಿನ ಗೊಂದಲಕ್ಕೆ ಬೀಳುತ್ತಾರೆ.

ಮನೆಯ ಪರವಾನಗಿಯನ್ನೂ ನೋಡಬೇಕು. ರಜೆಯ ಮನೆಗಳಿಗೆ ಪರವಾನಗಿ ಇರಲೇಬೇಕೆಂಬ ನಿಯಮವನ್ನು ಸ್ಕಾಟ್ಲೆಂಡ್ 2022ರಲ್ಲಿ ತಂದಿತು. ಮೊದಲಿನಿಂದ ನಡೆಸುತ್ತಿದ್ದವರೂ 2023ರ ಅಕ್ಟೋಬರ್ 1ರೊಳಗೆ ಅರ್ಜಿ ಹಾಕಬೇಕಿತ್ತು. ಜಾಹೀರಾತಿನಲ್ಲಿ ಪರವಾನಗಿ ಸಂಖ್ಯೆ ಕಾಣದಿದ್ದರೆ ಕೇಳುವ ಹಕ್ಕು ನಿಮಗಿದೆ.

ಗಂಡಸರು ಮೈದಾನದಲ್ಲಿದ್ದಾಗ ಅವಳು ಕೋಣೆಯಲ್ಲಿ ಕುಳಿತಿರಲಿಲ್ಲ ಎಂಬುದು ನನಗೆ ಹೆಚ್ಚು ಹಿಡಿಸಿತು. ಸೇಂಟ್ ಆ್ಯಂಡ್ರೂಸಿನ ಹಳೆಯ ಮೈದಾನದಲ್ಲಿ ಭಾನುವಾರ ಸಾಮಾನ್ಯವಾಗಿ ಆಟವಿಲ್ಲ. ಅಂದು ಅದು ಊರವರ ಉದ್ಯಾನ. ಯಾರು ಬೇಕಾದರೂ ಮಕ್ಕಳನ್ನು ಕರೆದುಕೊಂಡು ಆ ಹುಲ್ಲಿನ ಮೇಲೆ ನಡೆಯಬಹುದು. ಅದರ ಪಕ್ಕದಲ್ಲೇ ಉಬ್ಬುತಗ್ಗಿನ ಒಂದು ಪುಟ್ಟ ಮೈದಾನವಿದೆ. ಅದರ ಹೆಸರು ಹಿಮಾಲಯ! 1867ರಲ್ಲಿ ಹೆಂಗಸರೇ ಸೇರಿ ಕಟ್ಟಿದ ಸಂಘದ್ದು ಅದು. ಸ್ವಲ್ಪ ಹಣ ಕೊಟ್ಟರೆ ಯಾರೂ ಆಡಬಹುದು. ಅದೇ ಊರಿನಲ್ಲಿರುವ ಗಂಡಸರ ದೊಡ್ಡ ಕ್ಲಬ್ಬು ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಮತ ಹಾಕಿದ್ದು 2014ರಲ್ಲಿ. ಮ್ಯೂರ್‌ಫೀಲ್ಡಿನ ಕ್ಲಬ್ಬು ಒಪ್ಪಿದ್ದು 2017ರಲ್ಲಿ. ಅಷ್ಟು ವರ್ಷ ಹೆಂಗಸರು ಇವರ ಒಪ್ಪಿಗೆಗೆ ಕಾಯದೆ ತಮ್ಮ ಹಿಮಾಲಯದಲ್ಲಿ ಆಡಿಕೊಂಡೇ ಇದ್ದರು. ನಮ್ಮ ಹುಡುಗಿಯೂ ಬುರ್ಖಾದಲ್ಲೇ ಮಗನ ಜೊತೆ ಆಡಿದಳು. ಮಗನೇ ಗೆದ್ದನಂತೆ.

ಸ್ಕಾಟ್ಲೆಂಡು ಎಲ್ಲರಿಗೂ ಸಿಗುವುದಿಲ್ಲ ನಿಜ. ಆದರೆ ಸ್ಕಾಟ್ಲೆಂಡಿನವರೇ ನಮ್ಮ ಜಿಲ್ಲೆಗೆ ಬಂದು ಮನೆ ಮಾಡಿಕೊಂಡಿದ್ದರು ಎಂಬುದು ನಿಮಗೆ ಗೊತ್ತೇ? ಕಾಫಿ ಬೀಜವನ್ನು ಯೆಮನ್ನಿನಿಂದ ತಂದವರು ಬಾಬಾಬುಡನ್ ಎಂಬ ಐತಿಹ್ಯವನ್ನು ನಾವೆಲ್ಲ ಕೇಳಿದ್ದೇವೆ. ಮುಂದೆ 1850ರ ದಶಕದಲ್ಲಿ ರಾಬರ್ಟ್ ಎಲಿಯಟ್ ಎಂಬ ಸ್ಕಾಟ್ಲೆಂಡಿನ ಜಮೀನುದಾರ ಮಂಜರಾಬಾದಿಗೆ, ಅಂದರೆ ಇಂದಿನ ಸಕಲೇಶಪುರ ಸೀಮೆಗೆ ಬಂದು ಕಾಫಿ ತೋಟ ಮಾಡಿದ. 1894ರಲ್ಲಿ ಮೈಸೂರು ಸೀಮೆಯ ಚಿನ್ನ, ಬೇಟೆ, ಕಾಫಿ ಬೇಸಾಯದ ಬಗ್ಗೆ ಪುಸ್ತಕವನ್ನೂ ಬರೆದ. ಅವನಂಥವರು ಕಟ್ಟಿಸಿದ ಅಗಲ ಜಗಲಿಯ ತೋಟದ ಬಂಗಲೆಗಳು ಹಾಸನ, ಚಿಕ್ಕಮಗಳೂರು, ಕೊಡಗಿನಲ್ಲಿ ಇಂದಿಗೂ ಇವೆ. ಅವುಗಳಲ್ಲಿ ಎಷ್ಟೋ ಈಗ ಪ್ರವಾಸಿಗರಿಗೆ ತೆರೆದಿವೆ. ಕೊಡಗಿನ ಪಾಲಿಬೆಟ್ಟದ ಕಡೆ ಕಾಫಿ ಕಂಪನಿಯ ಹಳೆಯ ಬಂಗಲೆಗಳಲ್ಲಿ ಉಳಿದುಕೊಂಡು ಗಾಲ್ಫ್ ಆಡಲು ಹೋಗುವವರಿದ್ದಾರೆ. ಮೈಸೂರಿನಲ್ಲಾದರೆ ರಾಜಕುಮಾರಿಯರಿಗೆಂದು ಕಟ್ಟಿಸಿದ ಚಿತ್ತರಂಜನ್ ಮಹಲು ಗ್ರೀನ್ ಹೋಟೆಲ್ ಆಗಿದೆ. ಲಾಭವನ್ನು ದಾನಧರ್ಮದ ಕೆಲಸಗಳಿಗೆ ಕೊಡಬೇಕೆಂಬ ಉದ್ದೇಶದಿಂದ ಅದನ್ನು ಆರಂಭಿಸಲಾಯಿತು. ವೈಸ್‌ರಾಯ್ ಅವರಿಗಾಗಿ ಕಟ್ಟಿಸಿದ ಲಲಿತಮಹಲ್ 1974ರಲ್ಲಿ ಹೋಟೆಲಾಯಿತು.

ಬೇಲೂರು, ಹಳೇಬೀಡುಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪರವೂರಿನ ನಿಮ್ಮ ನೆಂಟರೂ “ಅದನ್ನು ನೋಡಬೇಕು, ಎಲ್ಲಿ ಉಳಿಯುವುದು?” ಎಂದು ನಿಮ್ಮನ್ನೇ ಕೇಳುವವರು. ಬೇಲೂರಿನಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ವೇಲಾಪುರಿ ಇದೆ, ಹಳೇಬೀಡಿನಲ್ಲಿ ಮಯೂರ ಶಾಂತಲಾ ಇದೆ. ದೇವಾಲಯಗಳು ಹತ್ತಿರ, ವೃದ್ಧರಿಗೆ ಅನುಕೂಲ. ಎರಡು ದಿನ ಹೆಚ್ಚಿಗೆ ಇರುವವರಾದರೆ ಸಕಲೇಶಪುರದ ಕಡೆ ಹೋಂಸ್ಟೇ ಹುಡುಕುವುದು ಒಳ್ಳೆಯದು. ಅಲ್ಲಿಂದ ಟಿಪ್ಪು ಸುಲ್ತಾನ್ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನೂ ನೋಡಬಹುದು.

ಹೋಂಸ್ಟೇ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ ಎಂದು ಕೇಳಿ. ಕೋಳಿ, ಕುರಿ ಹಲಾಲ್ ಮಾಡಿಸಿದ್ದು ಸಿಗುತ್ತದೆಯೇ, ಇಲ್ಲವಾದರೆ ಬರಿಯ ಸೊಪ್ಪು, ಅಕ್ಕಿರೊಟ್ಟಿ, ಮೀನು ಮಾಡಿಕೊಡುತ್ತೀರಾ ಎಂದು ಕೇಳಿ. ಪಕ್ಕದ ಕೋಣೆಗಳಿಗೆ ಬರುವವರು ಸಂಸಾರಸ್ಥರೋ, ಕುಡಿದು ಹಾಡುವ ಗುಂಪೋ? ಜಗಲಿಯಲ್ಲಿ ಹೆಂಗಸರು ನಿರಾಳವಾಗಿ ಕುಳಿತುಕೊಳ್ಳಬಹುದೋ? ಮಳೆಗಾಲದಲ್ಲಿ ಕರೆಂಟು ಹೋದರೆ ಬಿಸಿನೀರಿಗೆ ಏನು ವ್ಯವಸ್ಥೆ, ಸೌದೆ ಹಂಡೆ ಇದೆಯೋ? ಫೋನ್ ಎತ್ತಿಕೊಂಡ ಗಂಡಸರಿಗೆ ಇದರಲ್ಲಿ ಅರ್ಧ ಗೊತ್ತಿರುವುದಿಲ್ಲ. “ಮನೆಯಲ್ಲಿ ಅಮ್ಮ ಇದ್ದಾರಾ? ಅವರ ಕೈಗೆ ಕೊಡಿ” ಎನ್ನಿ. ಇತ್ತ ನಿಮ್ಮ ಮನೆಯಲ್ಲಿ ಯಜಮಾನರ ಕೈಯಿಂದ ಫೋನ್ ನೀವು ತೆಗೆದುಕೊಳ್ಳಿ.