ಹಳೆಯ ಕಂಪ್ಯೂಟರನ್ನು ಅಟ್ಟಕ್ಕೇರಿಸುವ ಮುನ್ನ

ಕೆಲವು ವರ್ಷಗಳಿಂದ ನಮ್ಮ ಹಳ್ಳಿಗಳಿಗೂ ಫೈಬರ್ ಬರುತ್ತಿದೆ. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆಯಿತ್ತು, ಅನಂತರ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಕೆಲಸವನ್ನು ಕೈಗೊಂಡಿತು. ಬಿಎಸ್ಸೆನ್ನೆಲ್ಲಿನವರೂ ಖಾಸಗಿಯವರೂ ಕಂಬದಿಂದ ಕಂಬಕ್ಕೆ, ಕೆಲವೆಡೆ ಮರದಿಂದ ಮರಕ್ಕೆ ಕಟ್ಟಿಕೊಂಡು ಅದನ್ನು ಮನೆ ಬಾಗಿಲಿಗೆ ತಂದಿದ್ದಾರೆ. ಸಂತೋಷದ ಸಂಗತಿಯೇ ಸರಿ. ಆದರೆ ವೈಫೈ ಪೆಟ್ಟಿಗೆ ಗೋಡೆ ಏರಿದ ದಿನವೇ ಅನೇಕ ಮನೆಗಳಲ್ಲಿ ಹಳೆಯ ಕಂಪ್ಯೂಟರು ಅಟ್ಟ ಏರುತ್ತಿದೆ. "ಇದು ಹಳೇದು ಸ್ವಾಮಿ, ವೈಫೈ ಹಿಡಿಯೋದಿಲ್ಲ, ಹೊಸದು ತಗೊಳ್ಳಿ" ಎಂದು ತಂತಿ ಜೋಡಿಸಲು ಬಂದ ಹುಡುಗನೋ ಪೇಟೆಯ ಅಂಗಡಿಯವನೋ ಹೇಳಿಬಿಡುತ್ತಾನೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಈ ಮಾತನ್ನು ಪರೀಕ್ಷಿಸದೆ ಒಪ್ಪಬಾರದೆಂಬುದು ನನ್ನ ಅಭಿಪ್ರಾಯ. ಎರಡೂವರೆ ಇಂಚಿನ ಪಂಪಿಗೆ ಎರಡು ಇಂಚಿನ ಪೈಪು ಕೂಡದೆ ಹೋದರೆ ಯಾವ ರೈತನೂ ಪಂಪನ್ನು ಗುಜರಿಗೆ ಹಾಕುವುದಿಲ್ಲ. ಒಂದು ರೆಡ್ಯೂಸರ್ ತಂದು ಜೋಡಿಸುತ್ತಾನೆ. ಕಂಪ್ಯೂಟರಿನ ವಿಷಯದಲ್ಲಿಯೂ ಕೂಡದಿರುವುದು ಹೆಚ್ಚಾಗಿ ಬಾಯಿಯ ಅಳತೆಯೇ ಹೊರತು ಯಂತ್ರ ಸತ್ತಿರುವುದಲ್ಲ. ಆ ಕಂಪ್ಯೂಟರಿನಲ್ಲಿ ಹತ್ತು ವರ್ಷದ ತೋಟದ ಲೆಕ್ಕವಿರಬಹುದು, ಸ್ವಸಹಾಯ ಸಂಘದ ಪುಸ್ತಕವಿರಬಹುದು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿಟ್ಟ ಪಾಲುಪಟ್ಟಿಯ ಕರಡು ಇರಬಹುದು. ಮಕ್ಕಳು ಬೆರಳಿಟ್ಟು ಕಲಿಯಲು ಫೋನಿಗಿಂತ ಅದೇ ಮೇಲು. ಹೊಸದಕ್ಕೆ ತೆರುವ ಹಣದಲ್ಲಿ ಒಂದು ಕಾರ್ಯಕ್ಷಮ ಸ್ಪ್ರೇಯರ್ ಬರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಕೂಡದಿರುವುದಕ್ಕೆ ಕಾರಣವೇನು? ಮೊದಲನೆಯದು ಅಲೆಯ ವ್ಯತ್ಯಾಸ. ಮನೆಯ ವೈಫೈ ಸಾಮಾನ್ಯವಾಗಿ ಎರಡು ತರಂಗ ಪಟ್ಟಿಗಳಲ್ಲಿ ನಡೆಯುತ್ತದೆ. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. 1999ರ 'ಬಿ' ಹಾಗೂ 2003ರ 'ಜಿ' ಪದ್ಧತಿಯ ಯಂತ್ರಗಳಿಗೆ 2.4 ಮಾತ್ರ ಗೊತ್ತು. 2009ರಲ್ಲಿ ಬಂದ 'ಎನ್' ಪದ್ಧತಿ ಎರಡನ್ನೂ ಬಲ್ಲದಾದರೂ, ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಕಾಲ 2.4ರ ಕಾರ್ಡನ್ನೇ ಹಾಕಿ ಮಾರಿದರು. ಮೀಡಿಯಂ ವೇವ್ ಮಾತ್ರ ಇರುವ ರೇಡಿಯೋದಲ್ಲಿ ಎಫ್‌ಎಂ ಕೇಳದು. ಅಷ್ಟಕ್ಕೆ ರೇಡಿಯೋ ಕೆಟ್ಟಿದೆ ಎನ್ನಲಾದೀತೆ? ಜೋಡಿಸಲು ಬಂದವರು ವೇಗ ಹೆಚ್ಚು ತೋರಿಸಲೆಂದು 5ರ ಹೆಸರನ್ನೇ ಚೀಟಿಯಲ್ಲಿ ಬರೆದುಕೊಟ್ಟು ಹೋಗುತ್ತಾರೆ. ಹಳೆಯ ಕಂಪ್ಯೂಟರಿಗೆ ಆ ಹೆಸರು ಕಾಣುವುದೇ ಇಲ್ಲ. ಎರಡು ಪಟ್ಟಿಗೂ ಒಂದೇ ಹೆಸರಿಟ್ಟಿದ್ದರೆ ಸಾಮಾನ್ಯವಾಗಿ ಅದು ತನಗೆ ತಿಳಿದದ್ದನ್ನು ಹಿಡಿದುಕೊಳ್ಳುತ್ತದೆ. ಆದರೂ ಬೇರೆ ಬೇರೆ ಹೆಸರಿದ್ದರೆ ತೊಡಕು ಎಲ್ಲಿದೆಯೆಂದು ಪತ್ತೆ ಮಾಡುವುದು ಸುಲಭ.

ನಮ್ಮ ಮನೆಗಳಿಗೆ 2.4 ಪಟ್ಟಿಯೇ ವಾಸಿ ಎಂದೂ ಹೇಳಬೇಕು. ವೇಗ ಕಡಿಮೆ ನಿಜ. ಆದರೆ ಗೋಡೆಯನ್ನು ದಾಟುವ ಶಕ್ತಿ ಅದಕ್ಕೆ ಹೆಚ್ಚು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಕೆಂಪು ಕಲ್ಲಿನ ಗೋಡೆ, ನಡುವೆ ಒಂದು ಕಬ್ಬಿಣದ ಬೀರು, ಇವುಗಳನ್ನು ದಾಟಿ ಹಿಂದಿನ ಕೋಣೆಗೆ ಹೋಗುವಷ್ಟರಲ್ಲಿ 5ರ ಅಲೆ ಸೊರಗಿರುತ್ತದೆ.

ಸೂಕ್ಷ್ಮವಾದ ಇನ್ನೂ ಎರಡು ತೊಡಕುಗಳಿವೆ. 2.4ರಲ್ಲಿ ನಮ್ಮ ದೇಶದಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳನ್ನು ಬಳಸಬಹುದು. ಅಮೆರಿಕದ ಕ್ರಮಕ್ಕೆ ಹೊಂದಿಸಿದ ಕೆಲವು ಹಳೆಯ ಕಾರ್ಡುಗಳಿಗೆ 11ರ ಆಚೆ ಕಾಣಿಸದು. ರೌಟರ್ ತಾನಾಗಿ 12ಕ್ಕೋ 13ಕ್ಕೋ ಹಾರಿದ ದಿನ ಮನೆಯ ಫೋನುಗಳೆಲ್ಲ ನಡೆದು ಈ ಕಂಪ್ಯೂಟರು ಮಾತ್ರ ಮುನಿಸಿಕೊಂಡಂತೆ ಕೂರುತ್ತದೆ. ಚಾನೆಲ್ಲನ್ನು 1, 6 ಅಥವಾ 11ಕ್ಕೆ ನಿಲ್ಲಿಸಿದರೆ ಮುನಿಸು ಹೋಗುತ್ತದೆ. ಇನ್ನೊಂದು, ವೈಫೈ 6 ಎಂಬ ಹೊಸ ಪದ್ಧತಿಯ ರೌಟರ್ ಇದ್ದರೆ, ಇಂಟೆಲ್ ಕಂಪೆನಿಯ ಕೆಲವು ಹಳೆಯ ಕಾರ್ಡುಗಳು ಹಳೆಯ ಡ್ರೈವರಿನಲ್ಲಿ ಆ ಜಾಲದ ಹೆಸರನ್ನೇ ಕಾಣಲಾರವು. ಡ್ರೈವರನ್ನು ನವೀಕರಿಸಬೇಕು, ಇಲ್ಲವೆ ರೌಟರಿನಲ್ಲಿ 2.4ರ ಮಟ್ಟಿಗೆ ಆ ಪದ್ಧತಿಯನ್ನು ನಿಲ್ಲಿಸಬೇಕು.

ಇವೆಲ್ಲಕ್ಕೂ ಮುಂಚೆ ಲ್ಯಾಪ್‌ಟಾಪಿನ ಅಂಚನ್ನು ಒಮ್ಮೆ ಸವರಿ ನೋಡುವುದೊಳ್ಳೆಯದು. 2005ರಿಂದ 2010ರ ಆಸುಪಾಸಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ವೈಫೈಗೆಂದೇ ಒಂದು ಪುಟ್ಟ ಸ್ವಿಚ್ಚು ಇರುತ್ತಿತ್ತು. ಬಟ್ಟೆ ಸುತ್ತಿ ಇಡುವಾಗ ಅದು ಸರಿದಿರುತ್ತದೆ. ಇಡೀ ದಿನ ಮೆಕ್ಯಾನಿಕ್ಕಿಗಾಗಿ ಕಾಯುವವರು ಇದನ್ನು ಮೊದಲು ನೋಡತಕ್ಕದ್ದು.

ಮತ್ತೊಂದು ವಿಚಿತ್ರ: ವೈಫೈ ಸೇರಿದೆ ಎಂದು ಕಂಪ್ಯೂಟರು ಹೇಳುತ್ತದೆ, ಆದರೆ ಯಾವ ಪುಟ ತೆರೆದರೂ 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ. ಆಗ ಮೂಲೆಯಲ್ಲಿರುವ ತಾರೀಖನ್ನು ನೋಡಿರಿ. ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ಕಂಪ್ಯೂಟರು ಹತ್ತಾರು ವರ್ಷ ಹಿಂದಿನ ತಾರೀಖಿಗೆ ಹೋಗಿ ನಿಂತಿರುತ್ತದೆ. ಅಂತರ್ಜಾಲದ ಪುಟಗಳು ತಾವು ಸಾಚಾ ಎಂದು ತೋರಿಸಲು ಕೊಡುವ ಪ್ರಮಾಣಪತ್ರಕ್ಕೆ ಆರಂಭದ ಹಾಗೂ ಮುಕ್ತಾಯದ ದಿನಾಂಕಗಳಿರುತ್ತವೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟೇ ಇಲ್ಲ! ಅಂಗಡಿಯಲ್ಲಿ ಸಿಆರ್ 2032 ಎಂದು ಕೇಳಿದರೆ ಅಲ್ಪ ಬೆಲೆಗೆ ಆ ಬ್ಯಾಟರಿ ಸಿಗುತ್ತದೆ. ಡೆಸ್ಕ್‌ಟಾಪಿನಲ್ಲಿ ಅದನ್ನು ಬದಲಿಸುವುದು ಟಾರ್ಚಿಗೆ ಸೆಲ್ಲು ಹಾಕಿದಷ್ಟೇ ಕೆಲಸ. ವಿದ್ಯುತ್ ತಂತಿ ಕಿತ್ತಿಟ್ಟು ಮಾಡಬೇಕು, ಅಷ್ಟೆ.

ಬೀಗವನ್ನು ಸಡಿಲಿಸಕೂಡದು

ಈ ಲೇಖನ ಬರೆಯಲು ನಿಜವಾದ ಕಾರಣ ಇಲ್ಲಿಂದ ಮುಂದಿನದು. ಹಳೆಯ ಕಂಪ್ಯೂಟರು ಪಾಸ್‌ವರ್ಡ್ ಕೊಟ್ಟರೂ ಸೇರದಿದ್ದಾಗ, ಊರಿನಲ್ಲಿ ಸ್ವಲ್ಪ ತಿಳಿದ ಯುವಕರು ಒಂದು ಸುಲಭೋಪಾಯ ಮಾಡುತ್ತಾರೆ. ರೌಟರಿನೊಳಗೆ ಹೋಗಿ ಬೀಗದ ಬಗೆಯನ್ನು ಹಳೆಯದಕ್ಕೆ ಇಳಿಸುತ್ತಾರೆ, ಇಲ್ಲವೆ ಬೀಗವನ್ನೇ ತೆಗೆದುಬಿಡುತ್ತಾರೆ. ಕಂಪ್ಯೂಟರು ಕೂಡಲೆ ಸೇರುತ್ತದೆ. ಮನೆಯವರು ಕಾಫಿ ಕೊಟ್ಟು ಕಳಿಸುತ್ತಾರೆ. ಇದು ಒಂದು ಕುಂಟು ಕರು ಒಳಬರಲೆಂದು ಇಡೀ ತೋಟದ ಬೇಲಿ ಕಿತ್ತಂತೆ.

ವೈಫೈಗೆ ಮೊದಲು ಇದ್ದ ಬೀಗ 'ವೆಪ್'. ಅದು ಮುರುಕಲು ಬೀಗವೆಂದು 2001ರಲ್ಲಿಯೇ ಫ್ಲುರರ್, ಮಾಂಟಿನ್ ಮತ್ತು ಶಮೀರ್ ಎಂಬ ತಜ್ಞರು ತೋರಿಸಿಕೊಟ್ಟರು. ಮುಂದೆ ಅದನ್ನು ನಿಮಿಷಗಳಲ್ಲಿ ಮುರಿಯುವ ಸಾಧನಗಳೇ ಬಂದವು. 2003ರಲ್ಲಿ ತುರ್ತಿಗೆಂದು 'ಡಬ್ಲ್ಯುಪಿಎ' ಬಂತು. 2004ರಲ್ಲಿ ಗಟ್ಟಿಯಾದ 'ಡಬ್ಲ್ಯುಪಿಎ 2', 2018ರಲ್ಲಿ 'ಡಬ್ಲ್ಯುಪಿಎ 3'. ವೈಫೈ ಮುದ್ರೆ ಪಡೆಯುವ ಹೊಸ ಸಾಧನಗಳಲ್ಲಿ 2006ರಿಂದ ಎರಡನೆಯ ಬೀಗ ಕಡ್ಡಾಯವಾಯಿತು. ಆದುದರಿಂದ ನಿಮ್ಮ ಕಂಪ್ಯೂಟರು 2006ರ ಈಚಿನದಾದರೆ ಅದಕ್ಕೆ ಸಾಮಾನ್ಯವಾಗಿ ಎರಡನೆಯ ಬೀಗ ತಿಳಿದಿರುತ್ತದೆ. ರೌಟರಿನಲ್ಲಿ ಮೂರನೆಯದನ್ನು ಮಾತ್ರ ಇಟ್ಟಿದ್ದರೆ ಎರಡು-ಮೂರು ಮಿಶ್ರವಾಗಿಡಬಹುದು, ತಪ್ಪಿಲ್ಲ. ಎರಡಕ್ಕಿಂತ ಕೆಳಗೆ ಮಾತ್ರ ಇಳಿಯಕೂಡದು.

ಇಳಿದರೆ ಏನಾದೀತು ಎನ್ನುವವರುಂಟು. ಸಂಪರ್ಕ ಇರುವುದು ನಿಮ್ಮ ಹೆಸರಿನಲ್ಲಿ, ನಿಮ್ಮ ಆಧಾರ್ ಕೊಟ್ಟು ಪಡೆದದ್ದು. ರಸ್ತೆಯಲ್ಲಿ ನಿಂತವನು ಆ ಜಾಲದಲ್ಲಿ ಮಾಡಬಾರದ್ದನ್ನು ಮಾಡಿದರೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ. ಜಮೀನಿನ ಕಾಗದ, ಬೆಳೆಸಾಲದ ಖಾತೆ, ಯುಪಿಐ ವ್ಯವಹಾರ ಎಲ್ಲವೂ ನಡೆಯುವುದು ಅದೇ ಜಾಲದ ಫೋನುಗಳಲ್ಲಿ. ಹಳೆಯದೊಂದು ಯಂತ್ರಕ್ಕಾಗಿ ಮನೆಯವರೆಲ್ಲರ ರಕ್ಷಣೆಯನ್ನು ತೆಗೆಯುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ನಿಮ್ಮ ಮನೆಯ ರೌಟರಿನಲ್ಲಿ ಯಾವ ಬೀಗವಿದೆ ಎಂದು ಫೋನಿನ ವೈಫೈ ಸೆಟ್ಟಿಂಗ್ಸಿನಲ್ಲಿ ಜಾಲದ ವಿವರ ತೆರೆದು ಇಂದೇ ನೋಡಬಹುದು.

ತಂತಿಯನ್ನು ಮರೆಯಬೇಡಿ

ಬೀಗ ಸಡಿಲಿಸದೆ ಹಳೆಯದನ್ನು ಸೇರಿಸುವ ದಾರಿಗಳಿವೆ. ಅತ್ಯುತ್ತಮವಾದದ್ದು, ಯಾರೂ ಹೇಳದಿರುವುದು, ಸಾದಾ ಲ್ಯಾನ್ ತಂತಿ. ರೌಟರಿನ ಬೆನ್ನಿಗೆ ಚೌಕನೆಯ ತೂತುಗಳಿರುವುದನ್ನು ನೋಡಿರಬಹುದು. ಇಪ್ಪತ್ತು ವರ್ಷದ ಕಂಪ್ಯೂಟರಿನ ಹಿಂದೆಯೂ ಅದೇ ತೂತು ಇರುತ್ತದೆ. ವೈಫೈ ಪದ್ಧತಿ ಎಷ್ಟು ಸಲ ಬದಲಾದರೂ ಈ ಬಾಯಿ ಬದಲಾಗಿಲ್ಲ. ಪಾಸ್‌ವರ್ಡ್ ಬೇಡ, ಅಲೆಯ ಗೊಡವೆ ಇಲ್ಲ, ಗೋಡೆ ಅಡ್ಡ ಬರದು. ನೂರು ಮೀಟರಿನವರೆಗೆ ಎಳೆಯಬಹುದು. ಕಂಪ್ಯೂಟರು ಒಂದೇ ಮೇಜಿನ ಮೇಲೆ ಕೂರುವುದಾದರೆ ಬೇರೇನನ್ನೂ ಯೋಚಿಸಬೇಕಾಗಿಲ್ಲ.

ಮಲೆನಾಡು ಹಾಗೂ ಕರಾವಳಿಯವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಫೈಬರಿನೊಳಗಿನ ಗಾಜಿನ ಎಳೆಯಲ್ಲಿ ಮಿಂಚು ಹರಿಯದು. ಲ್ಯಾನ್ ತಂತಿ ತಾಮ್ರದ್ದು, ಅದರಲ್ಲಿ ಹರಿಯುತ್ತದೆ. ಮನೆಯಿಂದ ಕೊಟ್ಟಿಗೆಗೋ ಅಡಿಕೆ ಸುಲಿಯುವ ಶೆಡ್ಡಿಗೋ ಬಯಲಿನಲ್ಲಿ ಎಳೆದಿದ್ದರೆ, ಮುಂಗಾರು ಹಿಡಿಯುವ ಮೊದಲಿನ ಗುಡುಗಿನ ದಿನಗಳಲ್ಲಿ ಎರಡೂ ಕಡೆ ಕಿತ್ತಿಡಬೇಕು. ರೌಟರಿನ ಕರೆಂಟಿನ ಪ್ಲಗ್ಗಿಗೂ ಇದೇ ಮಾತು.

ತಂತಿ ಎಳೆಯಲಾಗದ ಕಡೆ ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ವೈಫೈ ಡಾಂಗಲ್ ತಂದು ಚುಚ್ಚಬಹುದು. ಇದೇ ನಮ್ಮ ರೆಡ್ಯೂಸರ್. ಆದರೆ ಕೊಳ್ಳುವ ಮುನ್ನ ನಿಮ್ಮ ಕಂಪ್ಯೂಟರಿನಲ್ಲಿರುವ ವಿಂಡೋಸ್ ಯಾವುದೆಂದು ಹೇಳಿ, ಅದಕ್ಕೆ ಡ್ರೈವರ್ ಉಂಟೇ ಎಂದು ಡಬ್ಬಿಯ ಮೇಲೆ ಓದಿಸಿ ತರಬೇಕು. ಒಮ್ಮೆ ಪರೀಕ್ಷೆಗೆಂದಾದರೆ ಅದೂ ಬೇಡ. ಆಂಡ್ರಾಯ್ಡ್ ಫೋನನ್ನು ಮನೆಯ ವೈಫೈಗೆ ಸೇರಿಸಿ, ಮೊಬೈಲ್ ಡೇಟಾ ನಿಲ್ಲಿಸಿ, ಚಾರ್ಜರಿನ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಫೋನಿನಲ್ಲಿ 'ಯುಎಸ್‌ಬಿ ಟೆದರಿಂಗ್' ಒತ್ತಿದರೆ ಅನೇಕ ಫೋನುಗಳು ವೈಫೈಯನ್ನು ಕಂಪ್ಯೂಟರಿಗೆ ದಾಟಿಸುತ್ತವೆ. ಡ್ರೈವರ್ ಇಳಿಸಿಕೊಳ್ಳಲು ಈ ಉಪಾಯ ಬಹಳ ಉಪಯೋಗದ್ದು.

ಯಾವ ಕೆಲಸಕ್ಕೆ ತಕ್ಕದ್ದು?

ಸೇರಿಸಿದ ಮೇಲೆ ಅದರಲ್ಲಿ ಎಲ್ಲವನ್ನೂ ಮಾಡಬಹುದೆಂದು ತಿಳಿಯಬಾರದು. ಮುದಿ ಎತ್ತನ್ನು ಹೆದ್ದಾರಿಯಲ್ಲಿ ಗಾಡಿಗೆ ಕಟ್ಟುವವರಿಲ್ಲ. ಹಿತ್ತಿಲಲ್ಲಿ ಉಳಲು ಅದು ಸಾಕು. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಸಾಮಾನ್ಯ ರಕ್ಷಣಾ ತಿದ್ದುಪಡಿಗಳನ್ನು ನಿಲ್ಲಿಸಿತು. ಹತ್ತಕ್ಕೆ ಮಾತ್ರ, ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರಿನವರೆಗೆ ಹೆಚ್ಚುವರಿ ಅವಧಿ ಇಟ್ಟಿತು. 2023ರಿಂದ ಹೊಸ ಕ್ರೋಮ್ ಕೂಡ ವಿಂಡೋಸ್ 7ರಲ್ಲಿ ನಡೆಯುವುದಿಲ್ಲ. ಹೀಗಿರುವಾಗ ತಿದ್ದುಪಡಿ ನಿಂತ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ, ಪಾಸ್‌ವರ್ಡ್ ಬೇಕಾದ ಸರ್ಕಾರಿ ಕೆಲಸ ಇವು ಸಲ್ಲ. ಎಕ್ಸ್‌ಪಿ ಇರುವುದನ್ನಂತೂ ಅಂತರ್ಜಾಲಕ್ಕೆ ಬಿಡುವುದೇ ಬೇಡ ಎಂಬುದು ನನ್ನ ಖಚಿತ ಮತ. ಅದರಲ್ಲಿರುವ ಲೆಕ್ಕಪತ್ರಗಳನ್ನು ಪೆನ್‌ಡ್ರೈವಿಗೆ ತೆಗೆದುಕೊಂಡು, ಅದನ್ನು ಟೈಪಿಂಗಿಗೂ ಲೆಕ್ಕಕ್ಕೂ ಹಾಗೆಯೇ ಬಳಸಲಿ.

ವಿಂಡೋಸ್ 7 ಹಾಗೂ 10ರ ಕಾಲದ ಯಂತ್ರಗಳಿಗೆ ಇನ್ನೊಂದು ಬಾಳು ಉಂಟು. ನಾಲ್ಕು ಜಿಬಿ ಮೆಮೊರಿ ಇದ್ದರೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆಯನ್ನು ಅದರಲ್ಲಿ ಹಾಕಬಹುದು. ತಿದ್ದುಪಡಿಗಳು ಬರುತ್ತಿರುತ್ತವೆ, ಹೊಸ ಬ್ರೌಸರ್ ನಡೆಯುತ್ತದೆ, ಕನ್ನಡ ಓದಲೂ ಟೈಪಿಸಲೂ ಆಗುತ್ತದೆ. ಪಹಣಿ ನೋಡಲು, ಮಾರುಕಟ್ಟೆಯ ಧಾರಣೆ ನೋಡಲು ಇಷ್ಟು ಧಾರಾಳವಾಗಿ ಸಾಕು. ಹಾಕುವ ಮುನ್ನ ಹಳೆಯ ಕಡತಗಳ ನಕಲು ತೆಗೆದಿಡಬೇಕೆಂಬುದು ಹೇಳಬೇಕಾದ ಮಾತಲ್ಲ, ಆದರೂ ಹೇಳುತ್ತಿದ್ದೇನೆ. ರೌಟರಿನಲ್ಲಿ 'ಗೆಸ್ಟ್' ಎಂಬ ಅತಿಥಿ ಜಾಲವಿದ್ದರೆ ಹಳೆಯ ಯಂತ್ರಗಳನ್ನೆಲ್ಲ ಅದರಲ್ಲಿ ಕೂರಿಸಿದರೆ ಮನೆಯ ಫೋನುಗಳಿಂದ ಅವು ದೂರ ಇರುತ್ತವೆ.

ಇಷ್ಟನ್ನೂ ರೈತನೇ ತಿಳಿದುಕೊಳ್ಳಲಿ ಎಂದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ತಿಂಗಳು ತಿಂಗಳು ಹಣ ಪಡೆಯುವ ಸಂಪರ್ಕ ಸಂಸ್ಥೆಗಳಿಗೂ ಹೊಣೆ ಇದೆ. ರೌಟರಿನ ಬೆನ್ನಿನ ಚೀಟಿ ಇಂಗ್ಲಿಷಿನಲ್ಲಿ, ಒಳಗಿನ ಪುಟ ಇಂಗ್ಲಿಷಿನಲ್ಲಿ, ದೂರು ಹೇಳಿದರೆ ಬರುವ ಉತ್ತರವೂ ಎಷ್ಟೋ ಸಲ ನಮಗೆ ತಿಳಿಯದ ಭಾಷೆಯಲ್ಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ವರ್ಷಕ್ಕೆ ಎರಡು ಬಾರಿ, ಕೊಯ್ಲಿನ ಗಡಿಬಿಡಿ ಇಲ್ಲದ ದಿನ ನೋಡಿ, ಹಳೆಯ ಕಂಪ್ಯೂಟರುಗಳನ್ನು ತಂದು ಜೋಡಿಸಿ ತೋರಿಸುವ ಏರ್ಪಾಡು ಮಾಡುವುದು ಕಷ್ಟದ್ದೇನಲ್ಲ. ಅದಾಗುವವರೆಗೆ ಹೊಸ ಸಂಪರ್ಕ ಪಡೆಯುವವರು ಒಂದನ್ನು ಪಟ್ಟು ಹಿಡಿದು ಕೇಳಿರಿ. ಜೋಡಿಸಲು ಬಂದವನು ಏಣಿ ಇಳಿಸುವ ಮುನ್ನ 2.4 ಹಾಗೂ 5ರ ಪಟ್ಟಿಗಳಿಗೆ ಬೇರೆ ಬೇರೆ ಹೆಸರಿಟ್ಟು, ಬೀಗ ಯಾವುದೆಂದು ತೋರಿಸಿ, ರೌಟರಿನ ಒಳಹೋಗುವ ಗುಟ್ಟಿನ ಪದವನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಟ್ಟು ಹೋಗಲಿ. ಆ ಹಾಳೆಯನ್ನು ಪಹಣಿ ಕಾಗದಗಳ ಜೊತೆ ಇಟ್ಟುಕೊಳ್ಳಿ.