ಮೆಕ್ಸಿಕೋ ಜನ ಕೇಳಿದ ಸ್ವಾತಂತ್ರ್ಯ ಯಾವುದು?

ಮೆಕ್ಸಿಕೋ ದೇಶದವರು ಸ್ಪೇನಿನ ಆಳ್ವಿಕೆಯನ್ನು ಏಕೆ ಕಿತ್ತೊಗೆದರು ಎಂದು ಕೇಳಿದರೆ ಪಠ್ಯಪುಸ್ತಕಗಳಲ್ಲಿ ಉತ್ತರ ಸಿದ್ಧವಾಗಿದೆ. ತೆರಿಗೆಗಳ ಭಾರ ಹೆಚ್ಚಿತ್ತು, ದೊಡ್ಡ ಹುದ್ದೆಗಳೆಲ್ಲ ಸ್ಪೇನಿನಿಂದ ಬಂದವರ ಪಾಲಾಗಿದ್ದವು, ಫ್ರಾನ್ಸಿನ ಕ್ರಾಂತಿಯ ವಿಚಾರಗಳು ಕಡಲು ದಾಟಿ ಬಂದಿದ್ದವು. ಆದ್ದರಿಂದ ಜನ ದಂಗೆ ಎದ್ದರು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಲ್ಲಿ ಜನ ಎಂದರೆ ಯಾರು? ಈ ಪ್ರಶ್ನೆಯನ್ನು ಕೇಳದೆ ಹೋದರೆ, 1810ರ ದಂಗೆಯನ್ನು ತುಳಿದವರೇ 1821ರಲ್ಲಿ ಸ್ವಾತಂತ್ರ್ಯದ ಬಾವುಟ ಹಿಡಿದು ರಾಜಧಾನಿಯನ್ನು ಹೊಕ್ಕ ಸೋಜಿಗ ಅರ್ಥವಾಗುವುದಿಲ್ಲ.

1521ರಲ್ಲಿ ಕೋರ್ಟೆಸನು ಅಜ್ಟೆಕರ ರಾಜಧಾನಿಯನ್ನು ಹಾಳುಗೆಡವಿದ ಮೇಲೆ 300 ವರ್ಷ ಆ ನಾಡಿಗೆ 'ಹೊಸ ಸ್ಪೇನ್' ಎಂಬ ಹೆಸರಾಯಿತು. 1810ರ ಹೊತ್ತಿಗೆ ಅಲ್ಲಿ ಸುಮಾರು 60 ಲಕ್ಷ ಜನ. ಅವರಲ್ಲಿ ಸ್ಪೇನಿನಲ್ಲಿ ಹುಟ್ಟಿ ಬಂದವರು ಸುಮಾರು 15 ಸಾವಿರ ಮಾತ್ರ. ವೈಸರಾಯ್, ಬಿಷಪ್, ನ್ಯಾಯಾಧೀಶ, ಸಗಟು ವ್ಯಾಪಾರಿ ಎಲ್ಲ ಬಹುಮಟ್ಟಿಗೆ ಅವರೇ. ಜನ ಅವರನ್ನು 'ಗಾಚುಪೀನ್' ಎಂದು ತಿರಸ್ಕಾರದಿಂದ ಕರೆಯುತ್ತಿದ್ದರು. ಅವರ ಕೆಳಗೆ ಸ್ಪೇನಿನ ವಂಶದವರೇ ಆದರೂ ಅಲ್ಲೇ ಹುಟ್ಟಿದ ಕ್ರಿಯೋಲರು. ಜಮೀನು, ಗಣಿ ಇವರಲ್ಲಿ ಹಲವರ ಕೈಯಲ್ಲಿತ್ತು. ಉಳಿದವರಲ್ಲಿ ಅರ್ಧಕ್ಕೂ ಮಿಕ್ಕಿದ ಮೂಲನಿವಾಸಿ ಇಂಡಿಯನರು, ಮಿಶ್ರ ಸಂತತಿಯವರು, ಆಫ್ರಿಕದಿಂದ ಗುಲಾಮರಾಗಿ ತಂದವರ ಮಕ್ಕಳು ಮೊಮ್ಮಕ್ಕಳು. ಮಗು ಹುಟ್ಟಿದರೆ ಯಾವ ರಕ್ತಕ್ಕೆ ಯಾವ ರಕ್ತ ಬೆರೆತಿದೆಯೆಂದು ಇಗರ್ಜಿಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಈ ಮಿಶ್ರ ಗುಂಪುಗಳಿಗೆ 'ಕಾಸ್ಟಾ' ಎಂದು ಹೆಸರು. ಪೋರ್ಚುಗೀಸರು ಇಲ್ಲಿಗೆ ಬಂದಾಗ ನಮ್ಮ ಜಾತಿಗೆ ಇಟ್ಟ ಹೆಸರೂ ಅದೇ. ಹೆಚ್ಚು ವಿವರಣೆ ನಮ್ಮ ಓದುಗರಿಗೆ ಬೇಕಾಗಿಲ್ಲ.

ಕ್ರಿಯೋಲರ ದೂರು ಹುದ್ದೆಯದು, ಸಾಲದ್ದು, ವ್ಯಾಪಾರದ್ದು. 1765ರಿಂದ ಹೊಗೆಸೊಪ್ಪಿನ ವ್ಯಾಪಾರವನ್ನು ಸ್ಪೇನಿನ ಸರಕಾರ ತನ್ನ ಗುತ್ತಿಗೆ ಮಾಡಿಕೊಂಡಿತು. 1804ರಲ್ಲಿ ಯುದ್ಧದ ಖರ್ಚಿಗೆಂದು, ಧರ್ಮಸಂಸ್ಥೆಗಳು ಜಮೀನ್ದಾರರಿಗೆ ಕೊಟ್ಟಿದ್ದ ಸಾಲವನ್ನೆಲ್ಲ ವಸೂಲು ಮಾಡಿ ಖಜಾನೆಗೆ ಕಟ್ಟಬೇಕೆಂದು ಆಜ್ಞೆ ಬಂತು. ಸಾಲಗಾರರು ತತ್ತರಿಸಿದರು. 1808ರಲ್ಲಿ ನೆಪೋಲಿಯನ್ ಸ್ಪೇನಿನ ರಾಜನನ್ನೇ ಸೆರೆಯಲ್ಲಿಟ್ಟಾಗ, ರಾಜನಿಲ್ಲದ ಕಾಲಕ್ಕೆ ನಮ್ಮದೇ ಸಭೆ ಇರಲಿ ಎಂದು ಮೆಕ್ಸಿಕೋ ನಗರಸಭೆ ಕೇಳಿತು. ವೈಸರಾಯನೂ ಒಲವು ತೋರಿದ. ಅದೇ ಸೆಪ್ಟೆಂಬರ್ 15ರ ರಾತ್ರಿ ಯೆರ್ಮೋ ಎಂಬ ಸಕ್ಕರೆ ತೋಟಗಳ ಧಣಿ ಸ್ಪೇನಿನ ವ್ಯಾಪಾರಿಗಳ ಕೂಟ ಕಟ್ಟಿಕೊಂಡು ಹೋಗಿ ವೈಸರಾಯನನ್ನು ಹಾಸಿಗೆಯಿಂದಲೇ ಹಿಡಿದೊಯ್ದ. ಕಾನೂನಿನ ದಾರಿ ಅಲ್ಲಿಗೆ ಮುಚ್ಚಿತು.

ಬಡವರ ದೂರು ಇದಕ್ಕಿಂತ ಬಹಳ ಹಳೆಯದು. ಇಂಡಿಯನನಾಗಿ ಹುಟ್ಟಿದ್ದಕ್ಕೇ ತಲೆಗಂದಾಯ ಕೊಡಬೇಕು. ಹಳ್ಳಿಯ ಸಮುದಾಯದ ಹೊಲಗಳನ್ನು ದೊಡ್ಡ ಜಮೀನ್ದಾರಿಗಳು ವರ್ಷವರ್ಷವೂ ಕಬಳಿಸುತ್ತಿದ್ದವು. ಹೊಲ ಕಳೆದುಕೊಂಡವನು ಅಲ್ಲೇ ಸಾಲದಲ್ಲಿ ಸಿಕ್ಕಿ ಜೀತಗಾರನಾಗುತ್ತಿದ್ದ. 1803ರಲ್ಲಿ ಅಲ್ಲಿಗೆ ಹೋಗಿದ್ದ ಜರ್ಮನ್ ವಿಜ್ಞಾನಿ ಹಂಬೋಲ್ಟ್, ಬೆಳ್ಳಿಯ ಗಣಿಯಲ್ಲಿ ಕೂಲಿಗಳು ನೂರು ಕಿಲೋಗ್ರಾಮಿನಷ್ಟು ಅದಿರನ್ನು ಬೆನ್ನ ಮೇಲೆ ಹೊತ್ತು ಸಾವಿರಕ್ಕೂ ಮಿಕ್ಕ ಮೆಟ್ಟಿಲು ಹತ್ತುವುದನ್ನು ಬರೆದಿಟ್ಟಿದ್ದಾನೆ. ಆ ಬೆಳ್ಳಿ ಯುರೋಪಿಗೂ ಚೀನಕ್ಕೂ ಹೋಗುತ್ತಿತ್ತು. ಹೊತ್ತವನ ಊಟ ಮುಸುಕಿನ ಜೋಳದ ರೊಟ್ಟಿ. ಆ ಜೋಳವೂ ಸಿಗದ ಕಾಲ ಬಂತು. 1785-86ರ ಬರದಲ್ಲಿ ಲಕ್ಷಗಟ್ಟಲೆ ಜನ ಸತ್ತಿದ್ದರು. 1808ರಿಂದ 1810ರವರೆಗೆ ಮತ್ತೆ ಮಳೆ ಕೈಕೊಟ್ಟಿತು. ದೊಡ್ಡ ಜಮೀನ್ದಾರರು ಬೆಲೆ ಏರುವ ತನಕ ಕಣಜದ ಬಾಗಿಲು ತೆರೆಯಲಿಲ್ಲ.

1810ರ ಸೆಪ್ಟೆಂಬರ್ 16ರ ಬೆಳಗಿನ ಜಾವ ದೊಲೋರೆಸ್ ಎಂಬ ಊರಿನಲ್ಲಿ ಮಿಗೆಲ್ ಇಡಾಲ್ಗೋ ಎಂಬ ಪಾದ್ರಿ ಇಗರ್ಜಿಯ ಗಂಟೆ ಹೊಡೆಸಿದ. ಆತ ಕ್ರಿಯೋಲ. ಊರವರಿಗೆ ಕುಂಬಾರಿಕೆ, ರೇಷ್ಮೆ ಸಾಕಣೆ ಕಲಿಸಿದ್ದವನು. ಆತನ ಜೊತೆಗೆ ಸಂಚು ಹೂಡಿದ್ದ ಕ್ರಿಯೋಲ ಅಧಿಕಾರಿಗಳು ಶಿಸ್ತಿನ ದಂಡೊಂದನ್ನು ಬಯಸಿದ್ದರು. ಬಂದದ್ದು ಕವಣೆ, ಕತ್ತಿ, ಬಡಿಗೆ ಹಿಡಿದ ಸಾವಿರಾರು ರೈತರು. ಗ್ವಾದಲೂಪೆಯ ಮಾತೆಯ ಚಿತ್ರವೇ ಅವರ ಬಾವುಟ. ಸೆರೆಯಲ್ಲಿದ್ದ ರಾಜನಿಗೂ ಅವರು ಜಯಕಾರ ಹಾಕುತ್ತಿದ್ದರು! ದೂರದ ರಾಜನ ಮೇಲೆ ಅವರಿಗೆ ಹಗೆಯಿರಲಿಲ್ಲ. ಕಣ್ಣೆದುರಿನ ಧಣಿಯ ಮೇಲಿತ್ತು.

ದಂಡು ಗ್ವಾನಾಹ್ವಾತೋ ಎಂಬ ಬೆಳ್ಳಿಗಣಿಯ ಪಟ್ಟಣದತ್ತ ಬಂತು. ಅಲ್ಲಿನ ಮುಖ್ಯಾಧಿಕಾರಿ ರಿಯಾನ್ಯೋ ವಿದ್ಯಾವಂತ, ಒಳ್ಳೆಯವನೆಂದು ಹೆಸರಾಗಿದ್ದವನು. ಆದರೆ ಆತ ಮಾಡಿದ್ದೇನು? ಊರನ್ನು ಕಾಯುವುದನ್ನು ಬಿಟ್ಟು ಖಜಾನೆಯನ್ನೂ ಸ್ಪೇನಿನವರನ್ನೂ ಅವರ ಹಣವನ್ನೂ ಊರಿನ ದೊಡ್ಡ ಕಣಜದೊಳಗೆ ಸೇರಿಸಿ ಬಾಗಿಲು ಹಾಕಿಕೊಂಡ. ಬರಗಾಲದಲ್ಲಿ ಬಡವರ ಜೋಳಕ್ಕೆಂದು ಹೊಸದಾಗಿ ಕಟ್ಟಿದ್ದ ಕಣಜ ಅದು. ಆಮೇಲೆ, ತಲೆಗಂದಾಯ ರದ್ದಾಗಿದೆ ಎಂದು ಸಾರಿಸಿದ. ಜನ ನಕ್ಕರು. 300 ವರ್ಷ ತೆತ್ತ ಕಂದಾಯ ದಂಗೆಯ ದಂಡು ಹತ್ತಿರ ಬಂದ ವಾರವೇ ಅನ್ಯಾಯವೆಂದು ಹೊಳೆಯಿತೇ? ಸೆಪ್ಟೆಂಬರ್ 28ರಂದು ಗಣಿಯ ಕೂಲಿಗಳೂ ದಂಡನ್ನು ಕೂಡಿಕೊಂಡರು. ಸುತ್ತಣ ಗುಡ್ಡಗಳಿಂದ ಕಲ್ಲಿನ ಮಳೆ ಸುರಿಯಿತು. ಕಣಜದ ಬಾಗಿಲಿಗೆ ಬೆಂಕಿ ಬಿತ್ತು. ಒಳಗಿದ್ದವರಲ್ಲಿ ಬಹುಮಂದಿಯನ್ನು ಕೊಂದರು, ಊರನ್ನು ಸೂರೆ ಮಾಡಿದರು. ಕೈಸೋತವರನ್ನು ಕೊಂದದ್ದನ್ನು ನಾವು ಸರಿಯೆನ್ನಲಾರೆವು. ಇಡಾಲ್ಗೋ ಅದನ್ನು ತಡೆಯಲಿಲ್ಲ. ಆದರೆ ಆ ದಿನ ಒಂದು ಮಾತು ಬಯಲಾಯಿತು. ಕ್ರಿಯೋಲ ಶ್ರೀಮಂತರು, ಸ್ವಾತಂತ್ರ್ಯ ಎಂದರೆ ಇದಾದರೆ ನಮಗೆ ವೈಸರಾಯನೇ ವಾಸಿ ಎಂದುಕೊಂಡು ಅವನ ಪಕ್ಷಕ್ಕೆ ಸರಿದರು.

ಡಿಸೆಂಬರಿನಲ್ಲಿ ಗ್ವಾದಲಹಾರದಿಂದ ಇಡಾಲ್ಗೋ ಆಜ್ಞೆಗಳನ್ನು ಹೊರಡಿಸಿದ: ಗುಲಾಮಗಿರಿ ರದ್ದು, ತಲೆಗಂದಾಯ ರದ್ದು, ಇಂಡಿಯನ್ ಹಳ್ಳಿಗಳ ಜಮೀನು ಹಳ್ಳಿಯವರೇ ಉಳುವುದಕ್ಕೆ. 1811ರ ಜನವರಿ 17ರಂದು ಆತನ ದಂಡು ಸೋತಿತು. ಜುಲೈ 30ರಂದು ಆತನನ್ನು ಗುಂಡಿಟ್ಟು ಕೊಂದರು. ಆತನದೂ ಜೊತೆಗಾರರದೂ ನಾಲ್ಕು ತಲೆಗಳನ್ನು ಅದೇ ಕಣಜದ ನಾಲ್ಕು ಮೂಲೆಗಳಲ್ಲಿ ತೂಗುಹಾಕಿದರು. ಹತ್ತು ವರ್ಷ ಅವು ಅಲ್ಲೇ ಇದ್ದವು. ಮುಂದೆ ದಂಗೆಯನ್ನು ನಡೆಸಿದ ಮೊರೆಲೋಸ್ ಮಿಶ್ರ ಜಾತಿಯವನು. ಹೇಸರಗತ್ತೆ ಹೊಡೆದು ಬದುಕಿ ಆಮೇಲೆ ಪಾದ್ರಿಯಾದವನು. 1813ರಲ್ಲಿ ಆತ ಸಭೆಯ ಮುಂದಿಟ್ಟ ಪತ್ರದಲ್ಲಿ ಅಧಿಕಾರದ ಮೂಲ ಜನ ಎಂದಿದೆ, ಜಾತಿಭೇದ ಸಲ್ಲದು ಎಂದಿದೆ. ಸಿರಿತನ ಬಡತನಗಳ ಅಂತರ ತಗ್ಗಿಸಿ ಬಡವನ ಕೂಲಿಯನ್ನು ಹೆಚ್ಚಿಸುವ ಕಾನೂನು ಬೇಕೆಂದಿದೆ. 1815ರಲ್ಲಿ ಆತನಿಗೂ ಗುಂಡೇ ಗತಿಯಾಯಿತು. ದಕ್ಷಿಣದ ಗುಡ್ಡಗಾಡಿನಲ್ಲಿ ವಿಸೆಂತೆ ಗೆರೆರೋ ಮಾತ್ರ ಹೋರಾಟ ಬಿಡಲಿಲ್ಲ.

ಹಾಗಾದರೆ ಸ್ವಾತಂತ್ರ್ಯ ಬಂದದ್ದು ಹೇಗೆ? 1820ರಲ್ಲಿ ಸ್ಪೇನಿನಲ್ಲೇ ಸೈನ್ಯ ತಿರುಗಿಬಿದ್ದು ರಾಜನಿಂದ ಉದಾರ ಸಂವಿಧಾನವನ್ನು ಒಪ್ಪಿಸಿತು. ಧರ್ಮಸಂಸ್ಥೆಗಳ ವಿಶೇಷ ಹಕ್ಕುಗಳಿಗೂ ಸೈನ್ಯದವರ ಹಕ್ಕುಗಳಿಗೂ ಕತ್ತರಿ ಬೀಳುವಂತಾಯಿತು. ಆಗ ಮೆಕ್ಸಿಕೋದ ಬಿಷಪ್ಪರಿಗೂ ಜಮೀನ್ದಾರರಿಗೂ ಸ್ವಾತಂತ್ರ್ಯ ದಿಢೀರನೆ ಸಿಹಿಯಾಯಿತು! ಮೊರೆಲೋಸನ ದಂಡನ್ನು ಬಡಿದಿದ್ದ ಇತುರ್ಬೀದೆ ಎಂಬ ಕ್ರಿಯೋಲ ಸೇನಾಧಿಕಾರಿಯೇ 1821ರ ಫೆಬ್ರುವರಿಯಲ್ಲಿ ಗೆರೆರೋನ ಜೊತೆ ಒಪ್ಪಂದಕ್ಕೆ ಬಂದ. ಎಲ್ಲರೂ ಸಮಾನರು ಎಂಬ ಮಾತು ಅದರಲ್ಲಿ ಸೇರಿತು, ಗೆರೆರೋನ ಹತ್ತು ವರ್ಷದ ಛಲಕ್ಕೆ ಸಿಕ್ಕ ಬೆಲೆ ಅದು. ಆದರೆ ಆಸ್ತಿಯನ್ನು ಮುಟ್ಟುವಂತಿಲ್ಲ. ಸೆಪ್ಟೆಂಬರ್ 27ರಂದು ಇತುರ್ಬೀದೆ ರಾಜಧಾನಿಯನ್ನು ಹೊಕ್ಕ, ಮರುವರ್ಷ ಚಕ್ರವರ್ತಿಯೆಂದು ಕಿರೀಟವನ್ನೂ ಇಟ್ಟುಕೊಂಡ. ಒಂದು ವರ್ಷವೂ ಅದು ತಲೆಯ ಮೇಲೆ ನಿಲ್ಲಲಿಲ್ಲ. ಗೆರೆರೋ 1829ರಲ್ಲಿ ಅಧ್ಯಕ್ಷನಾಗಿ ಗುಲಾಮಗಿರಿಯನ್ನು ತೊಡೆದುಹಾಕಿದ. 1831ರಲ್ಲಿ ಸ್ವತಂತ್ರ ಮೆಕ್ಸಿಕೋದ ಸರಕಾರವೇ ಆತನನ್ನು ಗುಂಡಿಟ್ಟು ಕೊಂದಿತು.

ಹೊಲದ ಪ್ರಶ್ನೆ ಇದ್ದಲ್ಲೇ ಇತ್ತು. 1909ರಲ್ಲಿ, ಹಿಂದೆ ಯೆರ್ಮೋನ ತೋಟಗಳಿದ್ದ ಸೀಮೆಯಲ್ಲಿ, ಕಬ್ಬಿನ ಧಣಿಗಳು ಇನ್ನೂ ಹಳ್ಳಿಗಳ ಹೊಲವನ್ನೂ ನೀರನ್ನೂ ನುಂಗುತ್ತಿದ್ದರು. ಅನೆನೆಕ್ವಿಲ್ಕೋ ಎಂಬ ಹಳ್ಳಿಯ ಹಿರಿಯರು ಕೂಡಿ 30 ವರ್ಷದ ಎಮಿಲಿಯಾನೋ ಝಪಾಟಾ ಎಂಬವನನ್ನು ಮುಖಂಡನನ್ನಾಗಿ ಆರಿಸಿದರು; ವೈಸರಾಯರ ಕಾಲದಿಂದ ಕಾಪಾಡಿಕೊಂಡು ಬಂದಿದ್ದ ಜಮೀನಿನ ಕಾಗದಪತ್ರಗಳನ್ನು ಅವನ ಕೈಗೆ ಕೊಟ್ಟರು. ಆ ಹಳ್ಳಿ ಇದ್ದ ರಾಜ್ಯಕ್ಕೆ ಸರಕಾರ ಆಗಲೇ ಮೊರೆಲೋಸನ ಹೆಸರಿಟ್ಟು 40 ವರ್ಷವಾಗಿತ್ತು.